ಗೋಬೋನ ಕಥೆಯನ್ನು ಸಿನಿಮಾ ಬಿಟ್ಟುಬಿಟ್ಟಿತು

ಬ್ಯಾಂಬಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು 1942ರ ಡಿಸ್ನಿ ಸಿನಿಮಾ. ದೊಡ್ಡ ಕಣ್ಣಿನ ಜಿಂಕೆಮರಿ, ನೆಲಕ್ಕೆ ಕಾಲು ಬಡಿಯುವ ಮೊಲ, ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರಾಟ. ಆಮೇಲೆ ಒಂದು ಗುಂಡಿನ ಸದ್ದು, ತಾಯಿ ಇಲ್ಲ. ಆ ಒಂದು ದೃಶ್ಯಕ್ಕೆ ಎಷ್ಟು ದೇಶದ ಮಕ್ಕಳು ಅತ್ತಿದ್ದಾರೋ. ಆದರೆ ಆ ಸಿನಿಮಾದ ಹಿಂದಿರುವ ಪುಸ್ತಕದಲ್ಲಿ ಇನ್ನೊಂದು ಮರಿ ಇದೆ. ಹೆಸರು ಗೋಬೋ. ಬ್ಯಾಂಬಿಯ ಜೊತೆಗೇ ಬೆಳೆಯುವ ಫಾಲೀನ್ ಅನ್ನುವ ಹೆಣ್ಣು ಮರಿಯ ಸಹೋದರ. ಸಿನಿಮಾದಲ್ಲಿ ಅವನು ಇಲ್ಲವೇ ಇಲ್ಲ. ಈ ಕಥೆಯನ್ನು ಮಕ್ಕಳಿಗೆ ಓದಿ ಹೇಳಬೇಕು ಅಂತ ನಾನು ಇಷ್ಟು ಹಟ ಮಾಡುವುದೇ ಗೋಬೋಗಾಗಿ.

ಪುಸ್ತಕ ಬರೆದವರು ಫೆಲಿಕ್ಸ್ ಸಾಲ್ಟನ್. ಹುಟ್ಟಿದ್ದು 1869ರಲ್ಲಿ ಬುಡಾಪೆಸ್ಟಿನಲ್ಲಿ, ಬೆಳೆದದ್ದು ವಿಯೆನ್ನಾದಲ್ಲಿ. ಮನೆಯಲ್ಲಿ ಬಡತನ. ಹದಿಹರೆಯದಲ್ಲೇ ಓದು ಬಿಟ್ಟು ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಪತ್ರಕರ್ತರಾಗಿ, ನಾಟಕ ವಿಮರ್ಶಕರಾಗಿ ಹೆಸರು ಮಾಡಿದರು. 1922ರಲ್ಲಿ ವಿಯೆನ್ನಾದ ಒಂದು ಪತ್ರಿಕೆಯಲ್ಲಿ ಈ ಕಥೆ ಧಾರಾವಾಹಿಯಾಗಿ ಬಂತು, 1923ರಲ್ಲಿ ಪುಸ್ತಕವಾಯಿತು. 1928ರಲ್ಲಿ ಇಂಗ್ಲಿಷಿಗೆ ಹೋಯಿತು. ಆಗ ಇದನ್ನು ಬರೆದದ್ದು ದೊಡ್ಡವರಿಗೆ. ಮಕ್ಕಳ ಕಥೆ ಅನ್ನುವ ಹಣೆಪಟ್ಟಿ ಅಂಟಿಕೊಂಡದ್ದು ಆಮೇಲೆ. ಇನ್ನೊಂದು ವಿಷಯ ಹೇಳಲೇಬೇಕು. ಸಾಲ್ಟನ್ ಸ್ವತಃ ಬೇಟೆಗಾರರು. ವಿಯೆನ್ನಾದ ಹತ್ತಿರದ ಕಾಡುಗಳಲ್ಲಿ ಕೋವಿ ಹಿಡಿದು ಓಡಾಡಿದವರು. ಜಿಂಕೆ ಯಾವ ಹೊತ್ತಿಗೆ ಬಯಲಿಗೆ ಬರುತ್ತದೆ, ಗಾಳಿ ಎತ್ತ ಬೀಸಿದರೆ ಅದಕ್ಕೆ ವಾಸನೆ ಹತ್ತುತ್ತದೆ, ಗಾಯವಾದರೆ ಎತ್ತ ಓಡುತ್ತದೆ, ಇದೆಲ್ಲ ಅವರಿಗೆ ಕಣ್ಣಾರೆ ಕಂಡು ಗೊತ್ತಿತ್ತು. ಹಾಗಾಗಿಯೇ ಈ ಪುಸ್ತಕದಲ್ಲಿ ಪ್ರಾಣಿಗಳು ಮಾತಾಡಿದರೂ ಕಾಡು ಸುಳ್ಳಾಗುವುದಿಲ್ಲ.

ಪುಸ್ತಕದ ಬ್ಯಾಂಬಿ ಅಮೆರಿಕದ ಜಿಂಕೆಯಲ್ಲ, ಯುರೋಪಿನ ರೋ ಜಿಂಕೆ. ಸಿನಿಮಾ ಮಾಡುವಾಗ ಅಲ್ಲಿಯ ಜನಕ್ಕೆ ಪರಿಚಯ ಇರಲಿ ಅಂತ ಜಾತಿಯನ್ನೇ ಬದಲಾಯಿಸಿದರು. ರೋ ಜಿಂಕೆ ಚಿಕ್ಕದು, ಹೆಚ್ಚುಕಡಿಮೆ ನಮ್ಮ ಮಲೆನಾಡಿನ ಕಾಡುಕುರಿಯ ಗಾತ್ರ. ತೂಗಿದರೆ 20ರಿಂದ 30 ಕಿಲೋ. ಬಂಡೀಪುರದ ರಸ್ತೆ ಪಕ್ಕ ಕಾಣುವ ಚುಕ್ಕೆ ಜಿಂಕೆಗಳ ಹಾಗೆ ದೊಡ್ಡ ಹಿಂಡು ಕಟ್ಟಿಕೊಂಡು ಇರುವ ಜಾತಿ ಅದಲ್ಲ. ಚಳಿಗಾಲದಲ್ಲಿ ನಾಲ್ಕಾರು ಸೇರುತ್ತವೆ. ಬೇಸಿಗೆಯಲ್ಲಿ ಪ್ರತಿಯೊಂದೂ ತನ್ನ ಪಾಡಿಗೆ ತಾನು. ಗಂಡು ಜಿಂಕೆಯಂತೂ ತನ್ನ ಜಾಗದೊಳಗೆ ಇನ್ನೊಂದು ಗಂಡು ಕಾಲಿಡಲು ಬಿಡುವುದಿಲ್ಲ. ಇದು ಗೊತ್ತಿದ್ದರೆ ಕಥೆ ಬೇರೆಯೇ ಆಗಿ ಕಾಣುತ್ತದೆ. ಬ್ಯಾಂಬಿ ಒಂಟಿಯಾಗುವುದು ಯಾರೋ ಕೊಟ್ಟ ಶಿಕ್ಷೆಯಿಂದಲ್ಲ. ದೊಡ್ಡದಾಗುವುದು ಅಂದರೆ ಅದರ ಜಾತಿಗೆ ಒಂಟಿಯಾಗಿ ಬದುಕಲು ಕಲಿಯುವುದೇ.

ಕಲಿಸುವುದು ತಾಯಿ. ಮೊದಲ ಸಲ ಹುಲ್ಲುಗಾವಲಿಗೆ ಹೋಗುವ ಭಾಗವನ್ನು ನಾನು ಮಗಳಿಗೆ ಎಷ್ಟು ಸಲ ಓದಿದ್ದೇನೋ. ಮರಿಗೆ ಬಯಲು ಕಾಣುವ ಆತುರ. ಕಾಡಿನ ಅಂಚು ಬಂದ ಕೂಡಲೇ ತಾಯಿ ಅದನ್ನು ತಡೆದು ನಿಲ್ಲಿಸುತ್ತಾಳೆ. ನೀನು ಇಲ್ಲೇ ಇರು, ನಾನು ಮೊದಲು ಹೋಗುತ್ತೇನೆ, ಕರೆದರೆ ಮಾತ್ರ ಬಾ ಅನ್ನುತ್ತಾಳೆ. ನಾನು ಓಡಿ ವಾಪಸ್ಸು ಬಂದರೆ ನೀನೂ ತಿರುಗಿ ಓಡಬೇಕು. ನಾನು ಬಿದ್ದರೂ ನಿಲ್ಲಬಾರದು. ಏನು ಕಂಡರೂ, ಏನು ಕೇಳಿದರೂ ನಿಲ್ಲಬಾರದು. ಇಷ್ಟು ಹೇಳಿ ಮರಿಯಿಂದ ಮಾತು ತೆಗೆದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬಯಲಿಗೆ ಇಳಿಯುತ್ತಾಳೆ. ಮರಿ ಹಿಂದೆ ನಿಂತು ಅವಳ ಕಿವಿ ನೋಡುತ್ತಿರುತ್ತದೆ. ಆಮೇಲೆ ಕರೆಯುತ್ತಾಳೆ. ಆಮೇಲೆ ಆಟ, ಓಟ, ಚಿಟ್ಟೆ, ಮಿಡತೆ ಎಲ್ಲ. ಮಕ್ಕಳ ಕಥೆಯಲ್ಲಿ ತಾಯಿಯ ಪ್ರೀತಿ ಅಂದರೆ ಅಪ್ಪಿಕೊಳ್ಳುವುದು, ಲಾಲಿ ಹಾಡುವುದು ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ. ಇಲ್ಲಿ ಪ್ರೀತಿ ಅಂದರೆ ಇದು. ನಾನು ಇಲ್ಲದಿದ್ದರೂ ನಿನ್ನ ಕಾಲು ತಾನಾಗಿ ಓಡಬೇಕು ಅಂತ ಮೊದಲ ದಿನವೇ ಹೇಳಿಕೊಡುವುದು.

ಸ್ವಲ್ಪ ದಿನಕ್ಕೆ ತಾಯಿ ಕಾಣುವುದಿಲ್ಲ. ಸತ್ತಿಲ್ಲ, ಸುಮ್ನೆ ಎಲ್ಲಿಗೋ ಹೋಗಿದ್ದಾಳೆ. ಮರಿ ಅಳುತ್ತಾ, ಕೂಗುತ್ತಾ ಕಾಡೆಲ್ಲ ಅಲೆಯುತ್ತದೆ. ಆಗ ಒಂದು ಹಿರಿಯ ಗಂಡು ಜಿಂಕೆ ಎದುರು ಬಂದು ನಿಲ್ಲುತ್ತದೆ. ಏನು ಅರಚುತ್ತೀ, ನಿನ್ನ ಅಮ್ಮನಿಗೆ ಈಗ ನಿನ್ನ ಕಡೆ ನೋಡಲು ಹೊತ್ತಿಲ್ಲ, ಒಬ್ಬನೇ ಇರಲಾರೆಯಾ, ನಾಚಿಕೆಯಾಗಬೇಕು ಅನ್ನುತ್ತದೆ. ಅಷ್ಟೇ ಹೇಳಿ ಹೊರಟುಹೋಗುತ್ತದೆ. ಓದುವಾಗ ಎದೆಗೆ ಚುಚ್ಚುವ ಮಾತು ಅದು.

ಈ ಮಾತು ಕಾಡಿನ ಕ್ಯಾಲೆಂಡರಿಗೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ರೋ ಜಿಂಕೆ ಮರಿ ಹಾಕುವುದು ಮೇ, ಜೂನ್ ತಿಂಗಳಲ್ಲಿ. ಬೆದೆಗಾಲ ಬರುವುದು ಜುಲೈ, ಆಗಸ್ಟ್‌ನಲ್ಲಿ. ಅಂದರೆ ಮರಿಗೆ ಎರಡು ಮೂರು ತಿಂಗಳಾಗಿರುವಾಗಲೇ ಗಂಡು ಜಿಂಕೆ ಬಂದು ತಾಯಿಯ ಬೆನ್ನು ಹತ್ತುತ್ತದೆ. ಆ ದಿನಗಳಲ್ಲಿ ಮರಿ ಒಂದೇ ಉಳಿಯುತ್ತದೆ. ಇನ್ನೂ ಒಂದು ಬೆರಗು ಇದೆ. ಬೇಸಿಗೆಯಲ್ಲಿ ಗರ್ಭ ಕಟ್ಟಿದರೂ ಭ್ರೂಣ ನಾಲ್ಕೈದು ತಿಂಗಳು ಬೆಳೆಯದೆ ಹಾಗೇ ಇರುತ್ತದೆ. ಹೊಸ ವರ್ಷದ ಹೊತ್ತಿಗೆ ಬೆಳೆಯಲು ಶುರುವಾಗುತ್ತದೆ. ಮುಂದಿನ ಮರಿ ಹುಟ್ಟುವ ಹೊತ್ತಿಗೆ ಹುಲ್ಲು ಚಿಗುರಿರಲಿ ಅಂತ ಈ ವ್ಯವಸ್ಥೆ. ಆ ಹೊಸ ಮರಿ ಬರುವ ಮೊದಲು ತಾಯಿ ಕಳೆದ ವರ್ಷದ ಮರಿಯನ್ನು ತಾನೇ ಅಟ್ಟಿಬಿಡುತ್ತಾಳೆ. ಹತ್ತಿರ ಬಂದರೆ ತಲೆ ತಗ್ಗಿಸಿಕೊಂಡು ಹಾಯಲು ಬರುತ್ತಾಳೆ. ಸಾಲ್ಟನ್ ಇದನ್ನೆಲ್ಲ ಪಾಠದ ಹಾಗೆ ವಿವರಿಸುವುದಿಲ್ಲ. ಒಂದು ಅಳುವ ಮರಿ, ಒಂದು ಗದರುವ ಹಿರಿಯ, ಅಷ್ಟರಲ್ಲೇ ತಂದುಬಿಡುತ್ತಾರೆ.

ಆಮೇಲೆ ಚಳಿಗಾಲ, ಹಿಮ, ಹಸಿವು. ತೊಗಟೆ ಕೆರೆದು ತಿನ್ನುವ ದಿನಗಳು. ಆ ಹೊತ್ತಿಗೇ ದೊಡ್ಡ ಬೇಟೆ ನಡೆಯುತ್ತದೆ. ನಮ್ಮ ಮಲೆನಾಡಿನಲ್ಲಿ ಹಿಂದೆ ಹಳು ಸೋವುತ್ತಿದ್ದ ಹಾಗೆಯೇ, ಜನ ಸಾಲಾಗಿ ಕೂಗುತ್ತಾ, ಮರಕ್ಕೆ ಬಡಿಯುತ್ತಾ ಬರುತ್ತಾರೆ. ಇನ್ನೊಂದು ಕಡೆ ಕೋವಿಗಳು ಕಾಯುತ್ತಿರುತ್ತವೆ. ತಾಯಿ ಮತ್ತೆ ಅದೇ ಮಾತು ಹೇಳುತ್ತಾಳೆ. ಓಡು, ನಾನು ಬಿದ್ದರೂ ನಿಲ್ಲಬೇಡ. ಬ್ಯಾಂಬಿ ಓಡುತ್ತದೆ. ಓಡುವ ದಾರಿಯಲ್ಲಿ ಗೋಬೋ ಹಿಮದಲ್ಲಿ ಕುಸಿದು ಬಿದ್ದಿರುವುದು ಕಾಣುತ್ತದೆ. ಗೋಬೋ ಹುಟ್ಟಿನಿಂದಲೂ ಸೊರಗಿದ ಮರಿ. ಏಳಲು ಆಗುವುದಿಲ್ಲ, ನೀನು ಹೋಗು ಅನ್ನುತ್ತದೆ. ಬ್ಯಾಂಬಿ ಹೋಗುತ್ತದೆ. ತಾಯಿಯನ್ನು ಅದು ಮತ್ತೆ ನೋಡುವುದಿಲ್ಲ. ಬೇಟೆ ಮುಗಿದ ಮೇಲೆ ಗೋಬೋ ಬಿದ್ದಿದ್ದ ಜಾಗದಲ್ಲಿ ಗೋಬೋನೂ ಇರುವುದಿಲ್ಲ. ಸತ್ತಿತು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

ಬಹಳ ಕಾಲದ ಮೇಲೆ ಒಂದು ದಿನ ಗೋಬೋ ವಾಪಸ್ಸು ಬರುತ್ತದೆ. ಮೈ ತುಂಬಿಕೊಂಡಿದೆ, ಕೂದಲು ಹೊಳೆಯುತ್ತಿದೆ, ಕೊರಳಲ್ಲಿ ಹೆಣೆದ ಒಂದು ಪಟ್ಟಿ. ಈ ಪುಸ್ತಕದಲ್ಲಿ ಪ್ರಾಣಿಗಳು ಮನುಷ್ಯನನ್ನು ಹೆಸರಿಟ್ಟು ಕರೆಯುವುದಿಲ್ಲ, ‘ಅವನು’ ಅನ್ನುತ್ತವೆ. ಆ ‘ಅವನು’ ಗೋಬೋನನ್ನು ಎತ್ತಿಕೊಂಡು ಹೋಗಿ ಸಾಕಿದ್ದಾನೆ. ಬೆಚ್ಚಗಿನ ಕೋಣೆ, ಹೊಟ್ಟೆ ತುಂಬ ಮೇವು, ಮಳೆ ಇಲ್ಲ, ಹಿಮ ಇಲ್ಲ. ನಾಯಿ ಕೂಡ ಸ್ನೇಹ. ಗೋಬೋ ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತದೆ. ಉಳಿದ ಜಿಂಕೆಗಳು ಬಾಯಿ ಬಿಟ್ಟು ಕೇಳುತ್ತವೆ. ಹಿರಿಯ ಜಿಂಕೆ ಬಂದು ಆ ಪಟ್ಟಿಯನ್ನು ನೋಡಿ, ಏನಿದು ಅಂತ ಕೇಳಿ, ಅಯ್ಯೋ ಪಾಪ ಅಂತ ಮಾತ್ರ ಹೇಳಿ ಹೋಗುತ್ತದೆ. ಗೋಬೋಗೆ ಅರ್ಥವಾಗುವುದಿಲ್ಲ.

ಗೋಬೋ ಮರೆತಿರುವುದನ್ನು ಸಾಲ್ಟನ್ ಒಂದೊಂದಾಗಿ ತೋರಿಸುತ್ತಾರೆ. ಎಲ್ಲರೂ ರಾತ್ರಿ ಮೇಯುವಾಗ ಅದು ನಿದ್ದೆ ಮಾಡುತ್ತದೆ. ಎಲ್ಲರೂ ಅಡಗುವ ಹಗಲಿನಲ್ಲಿ ಅದು ಬಯಲಿನಲ್ಲಿ ಅಡ್ಡಾಡುತ್ತದೆ. ಗಾಳಿಗೆ ಮೂಗೊಡ್ಡುವುದಿಲ್ಲ. ಹಕ್ಕಿಗಳು ಎಚ್ಚರಿಕೆ ಕೂಗಿದರೂ ಕಿವಿ ನಿಮಿರುವುದಿಲ್ಲ. ಒಂದು ಹಗಲು ಬಯಲಿನ ಆಚೆ ಒಬ್ಬ ಮನುಷ್ಯ ಕಾಣುತ್ತಾನೆ. ಬೇಡ ಅಂದರೂ ಕೇಳದೆ ಗೋಬೋ ನೇರ ಅತ್ತ ನಡೆಯುತ್ತದೆ. ಪರಿಚಯದವನನ್ನು ಮಾತಾಡಿಸಲು ಹೋದ ಹಾಗೆ. ಗುಂಡು ಬೀಳುತ್ತದೆ. ಸಾಯುವಾಗ ಅದು ಹೇಳುವುದು ಒಂದೇ ಮಾತು. ಅವನಿಗೆ ನನ್ನ ಗುರುತು ಸಿಗಲಿಲ್ಲ.

ಮಗಳಿಗೆ ಈ ಭಾಗ ಓದಿ ಹೇಳಿದ ರಾತ್ರಿ ಅವಳು ತುಂಬ ಹೊತ್ತು ಸುಮ್ಮನೆ ಇದ್ದಳು. ಆಮೇಲೆ ಕೇಳಿದಳು, “ಅಮ್ಮಾ, ಗೋಬೋ ಏನು ತಪ್ಪು ಮಾಡ್ತು?” ಏನೂ ಇಲ್ಲ ಅಂದೆ. “ಹಾಗಾದ್ರೆ ಎತ್ಕೊಂಡು ಹೋದವ್ನು?” ಅದಕ್ಕೆ ಉತ್ತರ ಹೇಳುವುದು ಕಷ್ಟ. ಎತ್ತಿಕೊಂಡು ಹೋದವನು ಕೆಟ್ಟವನಲ್ಲ. ಹಿಮದಲ್ಲಿ ಸಾಯುತ್ತಿದ್ದ ಮರಿಯನ್ನು ಬದುಕಿಸಿದ. ಊಟ ಹಾಕಿದ, ಮೈ ಸವರಿದ. ಹೆದರಿಕೆಯನ್ನು ಮಾತ್ರ ಅವನು ಕಲಿಸಲಾರ. ಅದನ್ನು ಕಲಿಸುವುದು ತಾಯಿಗೆ ಮಾತ್ರ ಗೊತ್ತು.

ಇದು ಬರೀ ಕಥೆಯ ವಿಷಯ ಅಂತ ಯಾರೂ ಅಂದುಕೊಳ್ಳಬಾರದು. ಜಿಂಕೆ ಜಾತಿಯಲ್ಲಿ ಹೆಚ್ಚಿನವು ಹುಟ್ಟಿದ ಮೊದಲ ದಿನಗಳಲ್ಲಿ ಮರಿಯನ್ನು ಹುಲ್ಲಿನಲ್ಲಿ, ಪೊದೆಯಲ್ಲಿ ಮಲಗಿಸಿ ತಾವು ದೂರ ಹೋಗಿಬಿಡುತ್ತವೆ. ಬಿಟ್ಟು ಹೋದದ್ದಲ್ಲ, ಅಡಗಿಸಿಟ್ಟದ್ದು. ದೊಡ್ಡ ಜಿಂಕೆಗೆ ಮೈ ವಾಸನೆ ಜಾಸ್ತಿ. ಅದು ಪಕ್ಕದಲ್ಲೇ ನಿಂತರೆ ನರಿಗೋ ಚಿರತೆಗೋ ಸುಳಿವು ಸಿಗುತ್ತದೆ. ಮರಿಗೆ ವಾಸನೆ ಇಲ್ಲ ಅನ್ನುವಷ್ಟು ಕಡಿಮೆ. ಅದು ಹಾಕಿದ ಉಚ್ಚೆ, ಹಿಕ್ಕೆಯನ್ನೂ ತಾಯಿ ನೆಕ್ಕಿ ತೆಗೆಯುತ್ತಾಳೆ. ಅವಳಿಗಳಿದ್ದರೆ ಬೇರೆ ಬೇರೆ ಕಡೆ ಮಲಗಿಸುತ್ತಾಳೆ, ಒಂದು ಸಿಕ್ಕರೂ ಇನ್ನೊಂದು ಉಳಿಯಲಿ ಅಂತ. ದಿನಕ್ಕೆ ನಾಲ್ಕಾರು ಸಲ ಬಂದು ಹಾಲೂಡಿಸಿ ಮತ್ತೆ ಹೋಗುತ್ತಾಳೆ. ಮರಿಯ ಕೆಲಸ ಒಂದೇ, ಕದಲದೆ ಮಲಗುವುದು. ಎದುರು ಕಾಲು ಬಂದು ನಿಂತರೂ ಕತ್ತು ನೆಲಕ್ಕೆ ಒತ್ತಿಕೊಂಡು ಹಾಗೇ ಇರುತ್ತದೆ. ನೋಡಿದವರಿಗೆ ಅಯ್ಯೋ, ಓಡಲೂ ತ್ರಾಣ ಇಲ್ಲ, ತಾಯಿ ಇಲ್ಲದ ಮರಿ ಅನ್ನಿಸುತ್ತದೆ. ಎತ್ತಿಕೊಂಡು ಬರುತ್ತಾರೆ. ಸಂಜೆ ತಾಯಿ ಬಂದಾಗ ಜಾಗ ಖಾಲಿ.

ನಮ್ಮ ಚುಕ್ಕೆ ಜಿಂಕೆಯೂ ಹೀಗೆಯೇ, ಕಡವೆಯೂ ಹೀಗೆಯೇ. ತೋಟದ ಅಂಚಿನಲ್ಲಿ ಒಂದೇ ಮಲಗಿರುವ ಮರಿಯನ್ನು ಕಂಡು ಕರುಣೆಯಿಂದ ಮನೆಗೆ ತಂದವರು ಮಲೆನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಅಜ್ಜಿಯ ಮನೆಯಲ್ಲೂ ಹಿಂದೆ ಒಂದು ಮರಿ ಬೆಳೆದಿತ್ತು. ಕೊಟ್ಟಿಗೆಯಲ್ಲಿ ಕರುಗಳ ಜೊತೆ ಮಲಗುತ್ತಿತ್ತು, ಹಸುವಿನ ಹಾಲು ಕುಡಿಯುತ್ತಿತ್ತು, ಮನೆ ನಾಯಿಯ ಮೂತಿ ನೆಕ್ಕುತ್ತಿತ್ತು. ಅಜ್ಜಿ ಅದರ ಕಥೆ ಹೇಳುವಾಗಲೆಲ್ಲ ಮುಖ ಅರಳುತ್ತಿತ್ತು. ಕೊನೆ ಹೇಳುವಾಗ ಮಾತ್ರ ಬೇಗ ಬೇಗ ಹೇಳಿ ಮುಗಿಸುತ್ತಿದ್ದರು. ಒಂದು ದಿನ ಗದ್ದೆ ಬಯಲಿನಲ್ಲಿ ಊರನಾಯಿಗಳು ಬಂದವು. ಅದು ಓಡಲಿಲ್ಲ. ಬಾಲ ಅಲ್ಲಾಡಿಸುತ್ತಾ ನಿಂತಿತ್ತಂತೆ. ಪುಸ್ತಕದಲ್ಲಿ ಗೋಬೋ ಸಾಯುವ ಪುಟಕ್ಕೆ ಬಂದಾಗ ನನಗೆ ಕಂಡದ್ದು ಆ ಗದ್ದೆ ಬಯಲು. ಆಗ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಂದಿರಲಿಲ್ಲ. ಈಗ ಜಿಂಕೆ ಸಾಕುವುದು ಅಪರಾಧ. ಕಾನೂನಿಗಾಗಿ ಬೇಡ, ಮರಿಗಾಗಿಯಾದರೂ ಮುಟ್ಟಬಾರದು. ಗಂಡು ಮರಿಯಾದರೆ ಇನ್ನೂ ಒಂದು ಅಪಾಯ ಇದೆ. ಮನುಷ್ಯರ ನಡುವೆ ಬೆಳೆದ ಗಂಡು ಜಿಂಕೆ ಕೊಂಬು ಬಂದ ಮೇಲೆ ಮನುಷ್ಯರನ್ನೇ ತನ್ನ ಜಾತಿಯ ಎದುರಾಳಿ ಅಂದುಕೊಂಡು ಹಾಯಲು ಬರುತ್ತದೆ.

ಚಿರತೆ ಮರಿಗಳ ವಿಷಯದಲ್ಲಿ ಈಗ ಸ್ವಲ್ಪ ತಿಳಿವಳಿಕೆ ಬಂದಿದೆ ಅನ್ನುವುದು ಸಮಾಧಾನ. ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯುವಾಗ ಗದ್ದೆಯ ನಡುವೆ ಮರಿಗಳು ಸಿಗುತ್ತವೆ. ತಾಯಿ ಬೇಟೆಗೆ ಹೋಗಿರುತ್ತದೆ, ಅಷ್ಟೇ. ಮೊದಲೆಲ್ಲ ಹಿಡಿದು ತಂದರೆ ಮರಿಯ ಇಡೀ ಬದುಕು ಬೋನಿನಲ್ಲೇ ಕಳೆಯುತ್ತಿತ್ತು. ಈಗ ಅರಣ್ಯ ಇಲಾಖೆಯವರು ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಕ್ಯಾಮೆರಾ ಕಟ್ಟಿ, ಜನರನ್ನು ದೂರ ಕಳಿಸುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತದೆ. ಆದರೆ ಅಷ್ಟರೊಳಗೆ ಊರಿನವರೆಲ್ಲ ಮರಿಯನ್ನು ಎತ್ತಿಕೊಂಡು ಸೆಲ್ಫಿ ತೆಗೆದುಕೊಂಡಿರುತ್ತಾರೆ ಅನ್ನುವುದು ಬೇಸರದ ಮಾತು. ಬ್ಯಾಂಬಿಯ ಸ್ವಂತ ಊರು ಆಸ್ಟ್ರಿಯಾದಲ್ಲಿ, ಪಕ್ಕದ ಜರ್ಮನಿಯಲ್ಲಿ, ಇನ್ನೊಂದು ಬಗೆಯ ಕಷ್ಟ. ಮರಿ ಮಲಗುವ ಕಾಲಕ್ಕೇ ಹುಲ್ಲು ಕೊಯ್ಯುವ ಯಂತ್ರ ಗದ್ದೆಗೆ ಇಳಿಯುತ್ತದೆ. ಯಂತ್ರ ಎಷ್ಟು ಹತ್ತಿರ ಬಂದರೂ ಮರಿ ಏಳುವುದಿಲ್ಲ. ಅದರ ಹುಟ್ಟುಗುಣವೇ ಅದು. ಹಾಗಾಗಿ ಬೆಳಗಿನ ಜಾವ, ನೆಲ ಇನ್ನೂ ತಣ್ಣಗಿರುವಾಗ, ಥರ್ಮಲ್ ಕ್ಯಾಮೆರಾದ ಡ್ರೋನ್ ಹಾರಿಸಿ ಮರಿಗಳನ್ನು ಹುಡುಕುತ್ತಾರೆ. ಕೈಗೆ ಹುಲ್ಲು ಹಿಡಿದು, ಮೈ ವಾಸನೆ ತಾಗದ ಹಾಗೆ ಎತ್ತಿ ಅಂಚಿಗೆ ಇಡುತ್ತಾರೆ. ಕೊಯ್ಲು ಮುಗಿದ ಕೂಡಲೇ ಹೊರಟುಬಿಡುತ್ತಾರೆ. ಸಹಾಯ ಅಂದರೆ ಇಷ್ಟೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಈ ಕೆಲಸದಲ್ಲಿ ಅಲ್ಲಿಯ ಬೇಟೆಗಾರರೂ ಕೈಜೋಡಿಸುತ್ತಾರೆ.

ನಮ್ಮ ಮಕ್ಕಳು ತಾಯಿ ಇಲ್ಲದ ಮರಿಯ ಕಥೆಯನ್ನು ಮೊದಲು ಕೇಳುವುದು ಗೋವಿನ ಹಾಡಿನಲ್ಲಿ. ಹುಲಿಯ ಬಳಿ ವಾಪಸ್ಸು ಹೋಗುವ ಮೊದಲು ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುತ್ತಾಳೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ ಕೇಳಿಕೊಳ್ಳುತ್ತಾಳೆ. ಆ ಸಾಲುಗಳಿಗೆ ಗಂಟಲು ಕಟ್ಟದವರು ಕನ್ನಡದಲ್ಲಿ ಯಾರಿದ್ದಾರೆ. ಹಸು ಹಿಂಡಿನ ಪ್ರಾಣಿ. ಅದರ ಕರುವಿಗೆ ಹಿಂಡೇ ಆಸರೆ, ಹಾಗಾಗಿ ಆ ತಾಯಿ ಹಿಂಡನ್ನು ಬೇಡುತ್ತಾಳೆ. ಬ್ಯಾಂಬಿಯ ತಾಯಿಗೆ ಒಪ್ಪಿಸಲು ಹಿಂಡೇ ಇಲ್ಲ. ಅವಳು ಕಿವಿ, ಮೂಗು, ಕಾಲು, ಇಷ್ಟನ್ನೇ ಮರಿಯ ಕೈಗೆ ಕೊಟ್ಟು ಹೋಗಬೇಕು. ಎರಡೂ ಕಥೆಯನ್ನು ಒಂದೇ ಮಗುವಿಗೆ ಹೇಳಬೇಕು ಅಂತ ನನ್ನ ಆಸೆ. ಒಂದರಲ್ಲಿ ಊರು, ಒಂದರಲ್ಲಿ ಕಾಡು.

ಸಾಲ್ಟನ್ ಯಹೂದಿ. ಹಾಗಾಗಿ ಇದು ಜಿಂಕೆಯ ಕಥೆಯಲ್ಲ, ಬೇಟೆಗೆ ಗುರಿಯಾದ ತಮ್ಮ ಜನರ ಕಥೆ ಅಂತ ಓದುವವರು ಇದ್ದಾರೆ. ಗೋಬೋನ ಕಥೆಯನ್ನಂತೂ ಹಾಗೆ ಓದದೆ ಇರುವುದು ಕಷ್ಟ. ತನ್ನನ್ನು ಒಪ್ಪಿಕೊಂಡಿದ್ದಾರೆ ಅಂತ ನಂಬಿ ಎದೆಯೊಡ್ಡಿ ನಿಂತವನ ಕಥೆ ಅದು. ನಾಜಿಗಳು 1936ರಲ್ಲಿ ಈ ಪುಸ್ತಕವನ್ನು ನಿಷೇಧಿಸಿದರು. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಕೈಗೆ ಹೋಯಿತು. ಮರುವರ್ಷ ಸಾಲ್ಟನ್ ಊರು ಬಿಟ್ಟು ಜೂರಿಚ್ ಸೇರಿದರು. 1945ರಲ್ಲಿ ಅಲ್ಲೇ ತೀರಿಕೊಂಡರು. ಸಿನಿಮಾದ ಹಕ್ಕನ್ನು ಅವರು 1933ರಲ್ಲೇ ಬರೀ 1000 ಡಾಲರಿಗೆ ಮಾರಿದ್ದರು. ನನಗಂತೂ ಎರಡೂ ಓದು ಒಟ್ಟಿಗೇ ನಿಲ್ಲುತ್ತವೆ. ಜಿಂಕೆ ಜಿಂಕೆಯಾಗಿ ನಿಜವಾಗಿರುವುದರಿಂದಲೇ ಇನ್ನೊಂದು ಅರ್ಥವೂ ಬಂದು ಕೂರುತ್ತದೆ.

ಬ್ಯಾಂಬಿಗೂ ಗುಂಡು ತಗಲುತ್ತದೆ, ಭುಜಕ್ಕೆ. ಬಿದ್ದಲ್ಲೇ ಮಲಗಿಬಿಡೋಣ ಅನ್ನಿಸುತ್ತದೆ. ಹಿರಿಯ ಜಿಂಕೆ ಎಲ್ಲಿಂದಲೋ ಬಂದು, ಏಳು, ನಡಿ, ನಡಿ ಅಂತ ಎಬ್ಬಿಸುತ್ತದೆ. ನೇರ ದಾರಿಯಲ್ಲಿ ಕರೆದುಕೊಂಡು ಹೋಗುವುದಿಲ್ಲ. ಸುತ್ತು ಹೊಡೆಸುತ್ತದೆ. ರಕ್ತದ ಹನಿ ಬಿದ್ದಿರುವ ತಮ್ಮದೇ ಜಾಡನ್ನು ದಾಟಿಸಿ ಮತ್ತೆ ಸುತ್ತು ಹೊಡೆಸುತ್ತದೆ. ಬೆನ್ನು ಹತ್ತುವ ನಾಯಿಗೆ ಯಾವುದು ಹೋದ ಜಾಡು, ಯಾವುದು ಬಂದ ಜಾಡು ತಿಳಿಯಬಾರದು. ನಡುವೆ ಯಾವುದೋ ಸೊಪ್ಪು ತಿನ್ನಿಸುತ್ತದೆ. ಕೊನೆಗೆ ಬಿದ್ದ ಮರದ ಕೆಳಗಿನ ಗುಂಡಿಯಲ್ಲಿ ಅಡಗಿಸುತ್ತದೆ. ಗಾಯ ಮಾಯುವವರೆಗೂ ಜೊತೆಗಿರುತ್ತದೆ. ಹಿಂದೆ ಅಳುವ ಮರಿಯನ್ನು ಗದರಿ ಹೋದದ್ದೂ ಇದೇ ಹಿರಿಯ. ಒಂಟಿಯಾಗಿ ಬದುಕುವವರ ನಡುವೆಯೂ ಇಷ್ಟು ಇರುತ್ತದೆ. ಒಬ್ಬರು ತಿಳಿದದ್ದನ್ನು ಇನ್ನೊಬ್ಬರಿಗೆ ಕಲಿಸಿ ಹೋಗುತ್ತಾರೆ.

ಕೊನೆಯ ಅಧ್ಯಾಯದಲ್ಲಿ ಬ್ಯಾಂಬಿಗೇ ವಯಸ್ಸಾಗಿದೆ. ಕಾಡಿನಲ್ಲಿ ಎರಡು ಅವಳಿ ಮರಿಗಳು ತಾಯಿಗಾಗಿ ಅಳುತ್ತಾ ಎದುರಾಗುತ್ತವೆ. ಬ್ಯಾಂಬಿ ಅವುಗಳ ಮುಂದೆ ನಿಂತು, ತಾನು ಚಿಕ್ಕಂದಿನಲ್ಲಿ ಕೇಳಿಸಿಕೊಂಡ ಅದೇ ಮಾತನ್ನು ಹೇಳುತ್ತದೆ. ಮಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. “ಅಷ್ಟೆಲ್ಲ ಅತ್ತಿದ್ದು ತಾನೇ, ಅದೇ ಮಾತು ಇನ್ನೊಬ್ರಿಗೆ ಯಾಕೆ ಹೇಳ್ತು?” ಅಂತ ಜಗಳಕ್ಕೇ ನಿಂತಳು. ಅವುಗಳ ತಾಯಿ ಬದುಕಿದ್ದಾಳೆ, ಸಂಜೆ ಬರುತ್ತಾಳೆ, ಅದು ಬ್ಯಾಂಬಿಗೆ ಗೊತ್ತು ಅಂದೆ. “ಹಾಗಿದ್ರೆ ಸಂಜೆ ಬರ್ತಾಳೆ ಅಂತಾನೇ ಹೇಳ್ಬೋದಿತ್ತಲ್ಲ” ಅಂದಳು. ಹೇಳಬಹುದಿತ್ತು. ಆ ತಾಯಿಯೂ ಒಂದು ಸಂಜೆ ಬರದೇ ಹೋಗಬಹುದು, ಅದಕ್ಕೇ ಹೇಳಲಿಲ್ಲ ಅಂತ ನನ್ನ ವಾದ. ಅವಳು ಇನ್ನೂ ಒಪ್ಪಿಲ್ಲ.